ಮಾತು ಹೋಯಿತು, ಮನಸ್ಸು ಹೋಗಲಿಲ್ಲ

ಆರು ವರ್ಷಗಳ ಹಿಂದಿನ ಮಾತು. ಬೇಸಗೆಯ ರಜೆಯಲ್ಲಿ ನಾನು ಹಾಸನದ ನಮ್ಮ ದೊಡ್ಡಪ್ಪನವರ ಮನೆಗೆ ಹೋಗಿದ್ದೆ. ಒಂದು ಬೆಳಗ್ಗೆ ಅವರು ಜಗಲಿಯ ಮೇಲೆ ಕುಳಿತು ಒಳಗಿದ್ದ ದೊಡ್ಡಮ್ಮನನ್ನು ಕೂಗಿ, "ಛತ್ರಿ ತಾ" ಎಂದರು. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಆದರೂ ಗಂಡನ ಮಾತನ್ನು ಎಂದೂ ಪ್ರಶ್ನಿಸದ ದೊಡ್ಡಮ್ಮ ಛತ್ರಿಯನ್ನು ತಂದುಕೊಟ್ಟರು. ದೊಡ್ಡಪ್ಪನವರು ಅದನ್ನು ಪಕ್ಕಕ್ಕಿಟ್ಟು, ಅಡುಗೆಯ ಮನೆಯ ಕಡೆ ಕೈತೋರಿಸಿ, ಸ್ವಲ್ಪ ಸಿಡುಕಿನಿಂದಲೇ "ಛತ್ರಿ, ಛತ್ರಿ" ಎಂದರು. ಅವರಿಗೆ ಬೇಕಾಗಿದ್ದುದು ಕಾಫಿ!

ನಾವು ನಕ್ಕೆವು. ಅವರೂ ನಗಲು ಹೋದರು. ಆ ನಗೆ ಮುಖದ ಒಂದು ಪಕ್ಕದಲ್ಲಿ ಮಾತ್ರ ಮೂಡಿತು. ಬಲಗೈಯಲ್ಲಿದ್ದ ಕನ್ನಡಕ ಜಾರಿ ನೆಲಕ್ಕೆ ಬಿದ್ದಿತು. "ರಾತ್ರಿ ನಿದ್ರೆ ಸಾಲದಾಗಿರಬೇಕು, ಒಂದು ಗಳಿಗೆ ಮಲಗಲಿ, ಸರಿಹೋಗುತ್ತದೆ" ಎಂದು ಯಾರೋ ಹೇಳಿದರು. ಯಾರೋ ಏನು ಬಂತು, ಹಾಗೆಂದವನು ನಾನೇ. ಮಧ್ಯಾಹ್ನ ಅವರು ಎದ್ದಾಗ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಆಸ್ಪತ್ರೆಗೆ ಕರೆದೊಯ್ಯುವ ವೇಳೆಗೆ ಇಳಿಹೊತ್ತು. ಮೆದುಳಿನ ಎಡಭಾಗದ ರಕ್ತನಾಳವೊಂದರಲ್ಲಿ ರಕ್ತ ಹೆಪ್ಪುಗಟ್ಟಿ ನಿಂತಿದೆ ಎಂದು ವೈದ್ಯರು ತಿಳಿಸಿದರು. "ಬೆಳಗ್ಗೆಯೇ ಬಂದಿದ್ದರೆ..." ಎಂದು ಅವರು ಅರ್ಧಕ್ಕೆ ನಿಲ್ಲಿಸಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ದೊಡ್ಡಪ್ಪನವರು 34 ವರ್ಷ ಉಪಾಧ್ಯಾಯರಾಗಿದ್ದವರು. ನನಗೆ ಸಂಧಿಸಮಾಸಗಳ ರುಚಿ ಹತ್ತಿಸಿದವರೂ ಅವರೇ. ಅಂಥವರ ಮಾತು ಒಂದು ಹಗಲಿನಲ್ಲಿ ಎಲ್ಲಿ ಹೋಯಿತು? ಮಾತೆಂಬುದು ನಮ್ಮ ದೇಹದಲ್ಲಿ ಎಲ್ಲಿ ನೆಲಸಿರುತ್ತದೆ? ಭಾಷೆಯನ್ನು ಕಲಿಸಿ ಜೀವನ ಸಾಗಿಸುವ ನಾನು ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಕೇಳಿಕೊಂಡೇ ಇರಲಿಲ್ಲ.

ನಾಲಗೆ ಬರಿಯ ಸೇವಕ

ಮಾತೆಂದೊಡನೆ ನಮಗೆ ನೆನಪಾಗುವುದು ನಾಲಗೆ. ಆದರೆ ದೊಡ್ಡಪ್ಪನವರ ನಾಲಗೆಗೆ ಏನೂ ಆಗಿರಲಿಲ್ಲ. ಅದೇ ನಾಲಗೆಯಿಂದ ಅವರು ಅನ್ನವನ್ನು ಅಗಿಯುತ್ತಿದ್ದರು, ತುಟಿಗೆ ಹತ್ತಿದ ಪಾಯಸವನ್ನು ಸವಿಯುತ್ತಿದ್ದರು. ಮಾತೊಂದು ಮಾತ್ರ ಬಾರದು.

ನಾವು ಮಾತನಾಡುವಾಗ ಶ್ವಾಸಕೋಶದಿಂದ ಹೊರಟ ಗಾಳಿ ಗಂಟಲಿನಲ್ಲಿರುವ ಧ್ವನಿತಂತುಗಳನ್ನು ಅದುರಿಸುತ್ತದೆ. ಗಂಡಸರ ಸಾಮಾನ್ಯ ಮಾತಿನಲ್ಲಿ ಈ ತಂತುಗಳು ಸೆಕೆಂಡಿಗೆ ಸುಮಾರು 100ರಿಂದ 125 ಸಲ ಅದುರುತ್ತವೆ. ಹೆಂಗಸರಲ್ಲಿ ಸುಮಾರು 200 ಸಲ. ಹೀಗೆ ಹುಟ್ಟಿದ ನಾದವನ್ನು ನಾಲಗೆ, ಅಂಗುಳು, ಹಲ್ಲು, ತುಟಿಗಳು ಕಡೆದು ಅಕ್ಷರಗಳನ್ನಾಗಿ ಮಾಡುತ್ತವೆ. ಇದರ ಕ್ರಮವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಮಕ್ಕಳು ಒಪ್ಪಿಸುವ ವರ್ಣಮಾಲೆಯೇ ಇದರ ನಕ್ಷೆ. 'ಕ' ಎನ್ನುವಾಗ ನಾಲಗೆಯ ಹಿಂಭಾಗ ಮೆತ್ತನೆಯ ಅಂಗುಳನ್ನು ಮುಟ್ಟುತ್ತದೆ; 'ಚ' ಎನ್ನುವಾಗ ನಡು ಅಂಗುಳನ್ನು; 'ಟ' ಎನ್ನುವಾಗ ನಾಲಗೆಯ ತುದಿ ಹಿಂದಕ್ಕೆ ಮಡಿಚಿಕೊಳ್ಳುತ್ತದೆ; 'ತ'ಕಾರಕ್ಕೆ ಹಲ್ಲು; 'ಪ'ಕಾರಕ್ಕೆ ತುಟಿ. ಗಂಟಲಿನಿಂದ ಹೊರಟು ಬಾಗಿಲವರೆಗೆ ಬಂದಂತೆ, ಒಳಗಿನಿಂದ ಹೊರಗೆ ಸಾಗುವ ಈ ಅಚ್ಚುಕಟ್ಟನ್ನು ನಮ್ಮ ಪ್ರಾಚೀನ ವೈಯಾಕರಣರು ಕಿವಿಯಿಂದಲೇ ಕಂಡುಕೊಂಡಿದ್ದರು. ವಾಚಕರು ಒಮ್ಮೆ 'ಕ, ಚ, ಟ, ತ, ಪ' ಎಂದು ನಿಧಾನವಾಗಿ ಹೇಳಿನೋಡಲಿ.

ಸಾಧಾರಣ ಸಂಭಾಷಣೆಯಲ್ಲಿ ನಾವು ಸೆಕೆಂಡಿಗೆ ಹತ್ತು ಹನ್ನೆರಡು ಧ್ವನಿಗಳನ್ನು ಉಚ್ಚರಿಸುತ್ತೇವೆ. ಒಂದೊಂದು ಧ್ವನಿಗೂ ಉಸಿರು, ಗಂಟಲು, ನಾಲಗೆ, ತುಟಿಗಳು ತಮ್ಮ ತಮ್ಮ ಸರದಿಯನ್ನು ತಪ್ಪದೆ ಕೆಲಸಮಾಡಬೇಕು. ಇವುಗಳಿಗೆಲ್ಲ ಅಪ್ಪಣೆ ಕೊಡುವ ಯಜಮಾನ ಬೇರೊಂದು ಕಡೆ ಇದ್ದಾನೆ. ಸುಮಾರು 1,400 ಗ್ರಾಂ ತೂಕದ, ಸುಮಾರು 8,600 ಕೋಟಿ ನರಕೋಶಗಳ ಆ ಯಜಮಾನನೇ ಮೆದುಳು. ನಾಲಗೆ ಅವನ ಸೇವಕ ಮಾತ್ರ. ದೊಡ್ಡಪ್ಪನವರಲ್ಲಿ ಸೇವಕ ನೆಟ್ಟಗಿದ್ದ. ಅಪ್ಪಣೆ ಬರುವ ದಾರಿ ಮುರಿದುಬಿದ್ದಿತ್ತು.

ಪ್ಯಾರಿಸ್ಸಿನ ರೋಗಿ

ಈ ದಾರಿಯನ್ನು ವೈದ್ಯಲೋಕಕ್ಕೆ ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟವನು ಒಬ್ಬ ಬಡ ರೋಗಿ. ಅವನ ಕಥೆ ನಡೆದುದು ಫ್ರಾನ್ಸಿನಲ್ಲಿ.

ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬವನು 21 ವರ್ಷಗಳಿಂದ ಇದ್ದನು. ಏನು ಕೇಳಿದರೂ ಅವನ ಉತ್ತರ "ತಾಂ, ತಾಂ" ಎಂದಷ್ಟೇ. ಆಸ್ಪತ್ರೆಯವರು ಅವನಿಗೆ 'ತಾಂ' ಎಂದೇ ಹೆಸರಿಟ್ಟಿದ್ದರು. 1861ರ ಏಪ್ರಿಲ್ ತಿಂಗಳಲ್ಲಿ ಅವನ ಬಲಗಾಲು ಕೊಳೆಯತೊಡಗಿದಾಗ, ಅವನನ್ನು ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯನ ಬಳಿಗೆ ತಂದರು. ಮಾತಿಗೆ ಮೆದುಳಿನಲ್ಲಿ ಒಂದು ಗೊತ್ತಾದ ಸ್ಥಾನವಿದೆಯೇ ಇಲ್ಲವೇ ಎಂದು ಪ್ಯಾರಿಸ್ಸಿನ ಪಂಡಿತರು ಆಗ ಬಿಸಿಬಿಸಿಯಾಗಿ ವಾದಿಸುತ್ತಿದ್ದ ಕಾಲ.

ಬ್ರೋಕಾ ಆ ರೋಗಿಯನ್ನು ಒಂದು ಸರಳ ಪ್ರಶ್ನೆ ಕೇಳಿದನು: ಈ ಆಸ್ಪತ್ರೆಗೆ ಬಂದು ಎಷ್ಟು ವರ್ಷವಾಯಿತು? ಲೆಬೋರ್ನ್ ತನ್ನ ಕೈಯ ಐದು ಬೆರಳುಗಳನ್ನು ನಾಲ್ಕು ಸಲ ಬಿಚ್ಚಿ ತೋರಿಸಿ, ಬಳಿಕ ಒಂದೇ ಬೆರಳನ್ನು ಎತ್ತಿದನು. ಇಪ್ಪತ್ತೊಂದು! ಲೆಕ್ಕ ಸರಿಯಾಗಿತ್ತು. ಮರುದಿನ ಅದೇ ಪ್ರಶ್ನೆಗೆ ಅದೇ ಉತ್ತರ. ಮತ್ತೊಮ್ಮೆ ಕೇಳಿದಾಗ, ತನ್ನನ್ನು ಪರೀಕ್ಷಿಸುತ್ತಿದ್ದಾರೆಂದು ತಿಳಿದು ಅವನಿಗೆ ಸಿಟ್ಟು ಬಂದು, ಬಾಯಿಂದ ಒಂದು ಬೈಗುಳ ಹೊರಟಿತು. ಬೇಕೆಂದು ಆಡಲಾರದ ಮಾತು ಕೋಪದಲ್ಲಿ ತಾನಾಗಿ ಹೊರಟುಬಂದುದು ಸೋಜಿಗವಲ್ಲವೆ?

ಏಪ್ರಿಲ್ 17ರಂದು ಲೆಬೋರ್ನ್ ತೀರಿಕೊಂಡನು. ಬ್ರೋಕಾ ಅವನ ಮೆದುಳನ್ನು ಪರೀಕ್ಷಿಸಿದಾಗ, ಎಡಗಡೆಯ ಮುಂಭಾಗದಲ್ಲಿ, ಹಣೆಯ ಪಕ್ಕಕ್ಕೆ ಸೇರುವೆಡೆಯಲ್ಲಿ, ಮೆದುಳು ಹಾಳಾಗಿದ್ದುದು ಕಂಡಿತು. ಮರುದಿನವೇ ಅದನ್ನು ಅವನು ವಿದ್ವಾಂಸರ ಸಭೆಯ ಮುಂದಿಟ್ಟನು. ಆ ಭಾಗಕ್ಕೆ ಇಂದಿಗೂ 'ಬ್ರೋಕಾ ಪ್ರದೇಶ' ಎಂದೇ ಹೆಸರು. ಬ್ರೋಕಾ ಆ ಮೆದುಳನ್ನು ಕತ್ತರಿಸದೆ ಹಾಗೆಯೇ ಕಾಪಾಡಿಸಿದ್ದನು. ಅದರ ಫಲವಾಗಿ ನಮ್ಮ ಕಾಲದ ವಿಜ್ಞಾನಿಗಳು ಅದನ್ನು ಎಂ.ಆರ್.ಐ. ಯಂತ್ರದಲ್ಲಿಟ್ಟು ನೋಡಿ, ಹಾನಿಯು ಬ್ರೋಕಾ ಕಂಡುದಕ್ಕಿಂತ ಬಹಳ ಆಳಕ್ಕೆ ಇಳಿದಿತ್ತೆಂದು 2007ರಲ್ಲಿ ಪ್ರಕಟಿಸಿದರು.

ಈ ಕಥೆಯಲ್ಲಿ ಪಾಠದ ಪುಸ್ತಕಗಳು ಹೇಳುವುದು ಮೆದುಳಿನ ಭಾಗದ ವಿಚಾರವನ್ನು. ನನ್ನ ಮನಸ್ಸನ್ನು ಹಿಡಿದುದು ಆ ಇಪ್ಪತ್ತೊಂದು ಬೆರಳುಗಳು. ಎರಡು ಅಕ್ಷರ ಕೂಡಿಸಿ ಆಡಲಾರದವನು ಒಳಗೊಳಗೆ ವರ್ಷಗಳನ್ನು ಎಣಿಸಿಕೊಂಡಿದ್ದನು.

ಎರಡು ಬಗೆಯ ಕೇಡು

ಇದಾದ 13 ವರ್ಷಗಳ ಮೇಲೆ, 1874ರಲ್ಲಿ, ಬ್ರೆಸ್ಲಾವಿನಲ್ಲಿದ್ದ ಕಾರ್ಲ್ ವೆರ್ನಿಕೆ ಎಂಬ 26 ವರ್ಷದ ಜರ್ಮನ್ ವೈದ್ಯನು ಇನ್ನೊಂದು ಬಗೆಯ ರೋಗಿಗಳನ್ನು ವರ್ಣಿಸಿದನು. ಇವರ ಮಾತಿಗೆ ತಡೆಯೇ ಇಲ್ಲ. ನೀರು ಹರಿದಂತೆ ಹರಿಯುತ್ತದೆ. ಆದರೆ ಆ ಮಾತಿಗೆ ಅರ್ಥವಿಲ್ಲ. ಒಂದು ಪದದ ಜಾಗದಲ್ಲಿ ಮತ್ತೊಂದು, ಕೆಲವೊಮ್ಮೆ ಯಾವ ಭಾಷೆಯಲ್ಲಿಯೂ ಇಲ್ಲದ ಪದ. ಇತರರ ಮಾತೂ ಅವರಿಗೆ ಸರಿಯಾಗಿ ತಿಳಿಯದು. ಇವರಲ್ಲಿ ಕೆಟ್ಟಿರುವುದು ಎಡಗಿವಿಯ ಮೇಲ್ಭಾಗದ ಒಳಗೆ, ಸ್ವಲ್ಪ ಹಿಂದಕ್ಕೆ ಇರುವ ಭಾಗ.

ಬ್ರೋಕಾ ಬಗೆಯ ರೋಗಿಗಳ ಸ್ಥಿತಿ ಇದಕ್ಕೆ ಬಹುಮಟ್ಟಿಗೆ ವಿರುದ್ಧ. ಅವರಿಗೆ ನಿತ್ಯದ ಮಾತು ಸಾಮಾನ್ಯವಾಗಿ ತಿಳಿಯುತ್ತದೆ, ಹೇಳಬೇಕಾದುದೂ ಗೊತ್ತು, ಆದರೆ ಒಂದೊಂದು ಪದವನ್ನೂ ಬಾವಿಯಿಂದ ಸೇದಬೇಕು. ವ್ಯಾಕರಣದ ಕೀಲುಗಳು ಕಳಚಿಬೀಳುತ್ತವೆ. "ನಾಳೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಬರಬೇಕು" ಎನ್ನಬೇಕಾದಲ್ಲಿ ದೊಡ್ಡಪ್ಪನವರು "ಅಂಗಡಿ... ದುಡ್ಡು... ನಾಳೆ" ಎನ್ನುತ್ತಿದ್ದರು. ಜೀವಮಾನವಿಡೀ ವಿಭಕ್ತಿ ಪ್ರತ್ಯಯಗಳನ್ನು ಪಾಠಹೇಳಿದವರ ಬಾಯಲ್ಲಿ ಒಂದು 'ಗೆ'ಕಾರ ನಿಲ್ಲದಾಯಿತು.

ಹೀಗೆ ಮೆದುಳಿನ ಪೆಟ್ಟಿನಿಂದ ಭಾಷೆ ಕೆಡುವುದಕ್ಕೆ ವೈದ್ಯರು 'ಅಫೇಸಿಯ' ಎಂದು ಹೆಸರಿಟ್ಟಿದ್ದಾರೆ. ಬಲಗೈ ಉಳ್ಳವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಭಾಷೆಯ ಮುಖ್ಯ ಕಾರ್ಯಸ್ಥಾನ ಮೆದುಳಿನ ಎಡಭಾಗ; ಎಡಚರಲ್ಲಿಯೂ ಬಹುಪಾಲು ಹಾಗೆಯೇ. ದೇಹದ ಬಲಭಾಗವನ್ನು ಆಳುವುದೂ ಮೆದುಳಿನ ಎಡಭಾಗವೇ. ಆದಕಾರಣವೇ ಮಾತು ಹೋದವರಿಗೆ ಎಷ್ಟೋ ಸಲ ಬಲಗೈ ಬಲಗಾಲುಗಳೂ ಜೊತೆಯಲ್ಲಿ ಸೋಲುತ್ತವೆ. ದೊಡ್ಡಪ್ಪನವರ ಕನ್ನಡಕ ಜಾರಿದುದರ ಮರ್ಮ ಇದೇ.

ಮೆದುಳಿನಲ್ಲಿ ಮಾತನಾಡಲು ಒಂದು ಕೋಣೆ, ಅರ್ಥಮಾಡಿಕೊಳ್ಳಲು ಇನ್ನೊಂದು ಕೋಣೆ ಎಂದು ಮೊದಲಿನವರು ಭಾವಿಸಿದ್ದರು. ಇಂದಿನ ತಿಳಿವಳಿಕೆ ಅಷ್ಟು ಸರಳವಾಗಿಲ್ಲ. ಭಾಷೆ ಮೆದುಳಿನ ಹಲವು ಭಾಗಗಳು ನರತಂತುಗಳ ಮೂಲಕ ಕೈಜೋಡಿಸಿ ನಡೆಸುವ ಸಂಸಾರ. ಬಲಭಾಗವೂ ಮಾತಿನ ರಾಗ, ವಿನೋದ, ಧ್ವನ್ಯರ್ಥಗಳಲ್ಲಿ ಪಾಲುಗೊಳ್ಳುತ್ತದೆ. ಆದರೂ ಹಳಬರು ಕಂಡುಕೊಂಡ ಒಂದು ಮಾತು ಸುಳ್ಳಾಗಿಲ್ಲ: ಆಡುವ ಶಕ್ತಿ ಬೇರೆ, ಅರಿಯುವ ಶಕ್ತಿ ಬೇರೆ, ಒಂದು ಹೋದರೆ ಇನ್ನೊಂದೂ ಹೋಯಿತೆಂದು ತೀರ್ಮಾನಿಸಲಾಗದು.

ಮಾತಿನ ಅವಸರ

ಭಾಷೆಗಾಗಿ ಮೆದುಳು ಹದಗೊಳ್ಳುವುದು ತೊಟ್ಟಿಲಿನಿಂದಲೇ. ಕೆನಡಾ ದೇಶದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬವರು 1984ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ನಮಗೆ ಬಹಳ ಹತ್ತಿರದ್ದು. ಹಿಂದಿಯಲ್ಲಿಯೂ ನಮ್ಮ ಕನ್ನಡದಲ್ಲಿಯೂ ಇರುವ 'ತ' ಮತ್ತು 'ಟ'ಗಳ ಭೇದವು ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರ ಕಿವಿಗೆ ಹಿಡಿಯುವುದೇ ಕಷ್ಟ. ಆದರೆ ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಆ ಭೇದವನ್ನು ಸಲೀಸಾಗಿ ಗುರುತಿಸಿದವು! ಒಂದು ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಪಾಲು ಅಳಿದಿತ್ತು. ಮನೆಯಲ್ಲಿ ಕೇಳಿಬರುವ ಭಾಷೆಗೆ ಬೇಕಾದ ದಾರಿಗಳನ್ನು ಮೆದುಳು ಸವೆಸಿಟ್ಟುಕೊಳ್ಳುತ್ತದೆ, ಬೇಡದವನ್ನು ಬಿಟ್ಟುಬಿಡುತ್ತದೆ.

ಹೀಗೆ ಸವೆದ ದಾರಿಯಲ್ಲಿ ಮಾತಿನ ಓಟ ಎಷ್ಟು ವೇಗದ್ದೆಂಬುದನ್ನು ನಾವು ಗಮನಿಸುವುದೇ ಇಲ್ಲ. "ನಾನು ಕಾಫಿಗೆ ಸಕ್ಕರೆ ಮತ್ತು ಮೊಳೆ ಹಾಕಿದೆ" ಎಂದು ಯಾರಾದರೂ ಹೇಳಿದರೆ, 'ಮೊಳೆ' ಎಂಬ ಪದ ಕೇಳಿ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ ಕಳೆಯುವುದರೊಳಗೆ ಮೆದುಳಿನ ವಿದ್ಯುತ್ತಿನಲ್ಲಿ ಒಂದು ವಿಶೇಷ ಅಲೆ ಏಳುತ್ತದೆ. ಇಂಥ ಅಲೆಯನ್ನು 1980ರಲ್ಲಿ ಅಮೆರಿಕದ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಎಂಬವರು ಮೊದಲು ವರದಿಮಾಡಿದರು. ಇನ್ನು ಸಂಭಾಷಣೆಯಲ್ಲಿ ಒಬ್ಬರು ಮಾತು ನಿಲ್ಲಿಸಿ ಮತ್ತೊಬ್ಬರು ತೊಡಗುವ ನಡುವಣ ಬಿಡುವು ಸಾಮಾನ್ಯವಾಗಿ ಸೆಕೆಂಡಿನ ಐದನೆಯ ಒಂದು ಪಾಲಷ್ಟೇ. ಆದರೆ ಒಂದು ಪದವನ್ನು ನೆನೆದು ನಾಲಗೆಗೆ ತರಲು ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಅಂದರೆ, ಎದುರಿನವರ ಮಾತು ಮುಗಿಯುವ ಮೊದಲೇ ನಾವು ನಮ್ಮ ಉತ್ತರವನ್ನು ಸಿದ್ಧಪಡಿಸತೊಡಗಿರುತ್ತೇವೆ!

ಇದನ್ನು ತಿಳಿದ ಮೇಲೆ ನನಗೆ ನಮ್ಮ ಮನೆಯ ನಡವಳಿಕೆ ನೆನೆದು ನಾಚಿಕೆಯಾಯಿತು. ದೊಡ್ಡಪ್ಪನವರನ್ನು "ಊಟ ಆಯಿತೆ?" ಎಂದು ಕೇಳಿ, ಅವರು ತುಟಿ ಅಲುಗಿಸುವಷ್ಟರಲ್ಲಿ ನಾವೇ "ಆಯಿತಂತೆ" ಎಂದು ಮುಂದಕ್ಕೆ ಹೋಗುತ್ತಿದ್ದೆವು. ಅವರಿಗೆ ಬೇಕಾದುದು ಹತ್ತು ಸೆಕೆಂಡು. ನಾವು ಕೊಡುತ್ತಿದ್ದುದು ಒಂದು. ನೋಡಲು ಬಂದ ನಂಟರು ಅವರ ಎದುರಿನಲ್ಲೇ, "ಪಾಪ, ಅವರಿಗೆ ಈಗ ಏನೂ ತಿಳಿಯುವುದಿಲ್ಲ ಅಲ್ಲವೆ?" ಎನ್ನುತ್ತಿದ್ದರು. ಒಂದು ದಿನ ಅವರ ಪುಸ್ತಕಗಳ ಬೀರುವನ್ನು ಶಾಲೆಗೆ ಕೊಟ್ಟುಬಿಡುವ ಮಾತು ಬಂದಿತು. ದೊಡ್ಡಪ್ಪನವರು ಎಡಗೈಯಿಂದ ಕುರ್ಚಿಯ ಕೈಯನ್ನು ಬಡಿದರು, ಕಣ್ಣಲ್ಲಿ ನೀರಾಡಿತು. "ಅವರಿಗೆ ಆಯಾಸವಾಗಿದೆ, ಮಲಗಿಸಿ" ಎಂದೆವು. ಮತ್ತೊಮ್ಮೆ ಮಲಗಿಸಿದೆವು.

ಹಾಡಿನ ದಾರಿ

ನಮ್ಮ ಕಣ್ಣು ತೆರೆದುದು ಎರಡು ಸಂದರ್ಭಗಳಲ್ಲಿ. ಮೊದಲನೆಯದು ಮೈಸೂರಿನ ವಾಕ್ ಚಿಕಿತ್ಸಕಿಯೊಬ್ಬರು ಅವರನ್ನು ಪರೀಕ್ಷಿಸಿದ ದಿನ. ಆಕೆ ಚಿತ್ರಗಳನ್ನು ಹರಡಿ, "ಬೀಗ ತೆಗೆಯಲು ಬೇಕಾದುದು ಯಾವುದು?" ಎಂದರು, ದೊಡ್ಡಪ್ಪನವರು ಬೀಗದ ಕೈಯ ಚಿತ್ರವನ್ನು ಮುಟ್ಟಿದರು. "ಕಲ್ಲು ನೀರಿನಲ್ಲಿ ತೇಲುತ್ತದೆಯೆ?" ಎಂದರು; ಇವರು ನಕ್ಕು ತಲೆಯಲ್ಲಾಡಿಸಿದರು. ಹೀಗೆ ಒಂದಾದಮೇಲೊಂದು ಪ್ರಶ್ನೆ. ಕೊನೆಗೆ ಆಕೆ ನಮ್ಮ ಕಡೆ ತಿರುಗಿ, "ಇವರಿಗೆ ನಿಮ್ಮ ಮಾತು ಬಹುಪಾಲು ತಿಳಿಯುತ್ತದೆ" ಎಂದರು. ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆರು ತಿಂಗಳಿಂದ ನಾವು ಅವರ ಎದುರಿಗೆ ಆಡಿದ ಮಾತುಗಳೆಲ್ಲ ಒಮ್ಮೆಗೇ ನೆನಪಾದವು.

ಎರಡನೆಯದು, ಅದೇ ವಾರ, ಸಂಜೆ ದೀಪ ಹಚ್ಚುವ ಹೊತ್ತು. ದೊಡ್ಡಮ್ಮ ಎಂದಿನಂತೆ ದೇವರನಾಮವೊಂದನ್ನು ಹೇಳಿಕೊಳ್ಳುತ್ತಿದ್ದರು. ಎರಡನೆಯ ಸಾಲಿಗೆ ಇನ್ನೊಂದು ಕಂಠ ಸೇರಿತು. ದೊಡ್ಡಪ್ಪನವರು ಹಾಡುತ್ತಿದ್ದರು! ಪದಗಳು ತಪ್ಪಲಿಲ್ಲ, ವಿಭಕ್ತಿಗಳೂ ತಪ್ಪಲಿಲ್ಲ. ಹಾಡು ಮುಗಿದೊಡನೆ ಏನನ್ನೋ ಹೇಳಹೋದರು. ಮಾತು ಮತ್ತೆ ಸಿಕ್ಕಿಕೊಂಡಿತು.

ಇದು ಪವಾಡವಲ್ಲ. ಮಾತು ಕಳೆದುಕೊಂಡ ಎಷ್ಟೋ ಮಂದಿ ಹಾಡಬಲ್ಲರು, ಬಾಯಿಪಾಠವಾದ ಸ್ತೋತ್ರಗಳನ್ನೂ ಮಗ್ಗಿಯನ್ನೂ ಒಪ್ಪಿಸಬಲ್ಲರು. ಹೊಸದಾಗಿ ವಾಕ್ಯವನ್ನು ಕಟ್ಟುವ ಕೆಲಸ ಬೇರೆ, ಕಂಠಸ್ಥವಾದುದನ್ನು ಹರಿಯಗೊಡುವ ಕೆಲಸ ಬೇರೆ. ಲೆಬೋರ್ನನ ಬೈಗುಳ ಹೊರಟುದೂ ಇಂಥ ದಾರಿಯಲ್ಲಿಯೇ. ಇದನ್ನೇ ಆಧಾರಮಾಡಿಕೊಂಡು 1973ರಲ್ಲಿ ಅಮೆರಿಕದ ಚಿಕಿತ್ಸಕರು, ನಿತ್ಯದ ಮಾತುಗಳನ್ನು ರಾಗವಾಗಿ ಹೇಳಿಸುತ್ತ, ಎಡಗೈಯಿಂದ ತಾಳ ಹಾಕಿಸುತ್ತ, ಕ್ರಮೇಣ ರಾಗವನ್ನು ಬಿಡಿಸುವ ಒಂದು ಪದ್ಧತಿಯನ್ನು ಪ್ರಕಟಿಸಿದರು. ಅದು ಎಲ್ಲರಿಗೂ ಒಂದೇ ಸಮನಾಗಿ ಫಲಿಸದು. ಆದರೆ ಕೆಲವರಿಗೆ ಒಂದೆರಡು ಅತ್ಯಗತ್ಯವಾದ ಮಾತುಗಳನ್ನು ಮರಳಿ ಕೊಡುತ್ತದೆ.

ಮನೆಯವರು ತಿಳಿದಿರಬೇಕಾದುದು

ನನ್ನಂತೆ ವಾಚಕರು ತಡವಾಗಿ ಕಲಿಯಬಾರದೆಂದು ಕೆಲವು ಮಾತುಗಳನ್ನು ಇಲ್ಲಿ ಹೇಳುತ್ತೇನೆ.

ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಮುಖ ಒಂದು ಕಡೆಗೆ ಜೋತರೆ, ಎತ್ತಿದ ಒಂದು ಕೈ ಕೆಳಗಿಳಿದರೆ, ಮಾತು ತೊದಲಿದರೆ ಅಥವಾ ಒಂದು ಪದಕ್ಕೆ ಇನ್ನೊಂದು ಪದ ಬಂದರೆ, ಅದನ್ನು ಆಯಾಸವೆನ್ನಬೇಡಿ, ಪಿತ್ತವೆನ್ನಬೇಡಿ, ಮಲಗಿಸಬೇಡಿ. ಇವು ಪಾರ್ಶ್ವವಾಯುವಿನ ಲಕ್ಷಣಗಳು. ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದೂ ಮೆದುಳಿನ ಸ್ಕ್ಯಾನ್ ತೆಗೆದು, ಒಳಗೆ ರಕ್ತಸ್ರಾವವಿಲ್ಲವೆಂದು ಕಂಡುಕೊಂಡ ಮೇಲೆ. ಆದ್ದರಿಂದ ಗಡಿಯಾರವನ್ನು ನೋಡಿ ಹೊತ್ತನ್ನು ಬರೆದಿಟ್ಟುಕೊಂಡು, 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಸೌಕರ್ಯವಿರುವ ಆಸ್ಪತ್ರೆಗೆ ಒಡನೆಯೇ ಹೋಗಬೇಕು. ಬಾಯಿಗೆ ನೀರನ್ನಾಗಲಿ ಮಾತ್ರೆಯನ್ನಾಗಲಿ ಹಾಕಬಾರದು.

ಮಾತು ಹೋದ ಮೇಲೆಯೂ ಕೆಲಸ ಮುಗಿಯಲಿಲ್ಲ. ಪೆಟ್ಟುಬಿದ್ದ ಮೆದುಳು ಉಳಿದ ದಾರಿಗಳನ್ನು ಬಳಸಿಕೊಳ್ಳಲು ಕಲಿಯುತ್ತದೆ. ಮೊದಲ ತಿಂಗಳುಗಳಲ್ಲಿ ಈ ಚೇತರಿಕೆ ಹೆಚ್ಚು, ಆದರೆ ವರ್ಷಗಳ ಮೇಲೂ ಅಭ್ಯಾಸದಿಂದ ಸುಧಾರಣೆ ಉಂಟು. ಇದಕ್ಕೆ ನೆರವಾಗುವವರು ವಾಕ್ ಚಿಕಿತ್ಸಕರು. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿದ್ಯೆಗೆ ದೇಶದಲ್ಲಿಯೇ ಹೆಸರಾದುದು.

ಮನೆಯಲ್ಲಿ ನಾವು ಮಾಡಬೇಕಾದುದು ಇಷ್ಟು: ರೇಡಿಯೋ, ಟಿ.ವಿ. ಗಲಾಟೆಯನ್ನು ನಿಲ್ಲಿಸಿ ಎದುರಿಗೆ ಕುಳಿತು ಮಾತನಾಡುವುದು. ಚಿಕ್ಕ ವಾಕ್ಯ, ಆದರೆ ಮಗುವಿನೊಡನೆ ಆಡುವ ದನಿಯಲ್ಲ. ಹೌದು, ಅಲ್ಲ ಎಂದು ತೋರಿಸಬಹುದಾದ ಪ್ರಶ್ನೆ. ಚಿತ್ರ, ಕೈಸನ್ನೆ, ಹಾಡು ಯಾವುದಾದರೂ ಸರಿ. ಅವರ ಪದವನ್ನು ನಾವು ಕಸಿದುಕೊಂಡು ಮುಗಿಸದಿರುವುದು. ಎಲ್ಲಕ್ಕಿಂತ ಹೆಚ್ಚಾಗಿ, ಅವರು ಅಲ್ಲಿ ಇಲ್ಲವೆಂಬಂತೆ ಅವರ ವಿಷಯವನ್ನು ಆಡದಿರುವುದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ದೊಡ್ಡಪ್ಪನವರ ಎದುರಿಗೆ ನಾವು ಆಡಿದ ಮಾತುಗಳನ್ನು ಹಿಂದಕ್ಕೆ ಪಡೆಯಲಾಗಲಿಲ್ಲ. ಆದರೆ ಪುಸ್ತಕದ ಬೀರು ಇದ್ದಲ್ಲಿಯೇ ಇದೆ. ಅವರಿಗೆ ಈಗ ಎಂಬತ್ತರ ಹತ್ತಿರ. ಇರುವ ಮಾತುಗಳು ಅರುವತ್ತೋ ಎಪ್ಪತ್ತೋ. ಹೋದ ತಿಂಗಳು ನಾನು ಹಾಸನಕ್ಕೆ ಹೋದಾಗ, ಬೆಳಗ್ಗೆ ಜಗಲಿಯಲ್ಲಿ ಕುಳಿತು ಅವರು ತುಟಿಗಳನ್ನು ಹೊಂದಿಸಿಕೊಳ್ಳತೊಡಗಿದರು. ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಬೇಕಾದುದೇನೆಂದು ಇಬ್ಬರಿಗೂ ಗೊತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಆದರೂ ಇಬ್ಬರೂ ಏನೂ ಹೇಳದೆ ಕಾದೆವು.

"ಕಾ... ಕಾಫಿ" ಎಂದರು ದೊಡ್ಡಪ್ಪನವರು. ಸ್ವಲ್ಪ ತಡೆದು, ನನ್ನ ಕಡೆ ಕೈತೋರಿಸಿ, "ಇವನಿಗೆ" ಎಂದರು.

ಆ 'ಗೆ' ಪ್ರತ್ಯಯ ತನ್ನ ಸ್ಥಾನದಲ್ಲಿ ಸರಿಯಾಗಿ ನಿಂತಿತ್ತು.